ಮೈಯೊಳಗಿನ ಲೋಹಕ್ಕೂ ದಣಿವುಂಟು

ಕಬ್ಬು ಕಟಾವಿನ ಕಾಲದಲ್ಲಿ ತಿ. ನರಸೀಪುರದಿಂದ ನಂಜನಗೂಡಿಗೆ ಬಸ್ಸಿನಲ್ಲಿ ಹೋಗುವವರು ಈ ನೋಟವನ್ನು ಕಂಡಿರುತ್ತೀರಿ. ರಸ್ತೆಯ ಬದಿಯಲ್ಲಿ ಕಬ್ಬು ತುಂಬಿದ ಟ್ರೇಲರ್ ಒಂದು ಪಕ್ಕಕ್ಕೆ ವಾಲಿ ನಿಂತಿರುತ್ತದೆ. ಹಿಂದೆ ಮುಂದೆ ನಾಲ್ಕು ಕಲ್ಲು, ಒಂದು ಹಸಿರು ಕೊಂಬೆ. ಚಾಲಕ ತಲೆಯ ಮೇಲೆ ಕೈ ಹೊತ್ತು ಕುಳಿತಿರುತ್ತಾನೆ. ಏನಾಯಿತೆಂದು ಕೇಳಿದರೆ, "ಆಕ್ಸಲ್ ಕಟ್ಟಾಯ್ತು ಸ್ವಾಮಿ. ನೆನ್ನೆ ಇದಕ್ಕಿಂತ ಜಾಸ್ತಿ ಲೋಡು ಹೊತ್ತಿತ್ತು, ಏನೂ ಆಗಿರಲಿಲ್ಲ" ಎನ್ನುತ್ತಾನೆ.

ನೆನ್ನೆ ಹೊತ್ತ ಭಾರವನ್ನು ಇಂದು ಹೊರಲಾರದೆ ಹೋದದ್ದೇಕೆ? ಈ ಪ್ರಶ್ನೆಗೂ ಆರೋಗ್ಯಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ನಿಮ್ಮ ಮನೆಯಲ್ಲಿ ಯಾರಿಗಾದರೂ ತೊಡೆಗೆ ರಾಡು, ಕೈಗೆ ಪ್ಲೇಟು ಹಾಕಿದ್ದರೆ ಅಥವಾ ಸೊಂಟದ ಕೀಲನ್ನು ಬದಲಾಯಿಸಿದ್ದರೆ ಸಂಬಂಧ ಬಹಳ ಹತ್ತಿರದ್ದು. ಈಚಿನ ವರ್ಷಗಳಲ್ಲಿ ಆಸ್ಪತ್ರೆಗಳಲ್ಲಿ ಇನ್ನೊಂದು ಮಾತೂ ಕೇಳಿಬರುತ್ತಿದೆ: "ಇದು ಲೇಸರ್‌ನಿಂದ ಮುದ್ರಿಸಿದ ಟೈಟಾನಿಯಂ ಭಾಗ, ಮಾಮೂಲಿಗಿಂತ ಗಟ್ಟಿ." ಈ ಮಾತು ಸುಳ್ಳಲ್ಲ. ಆದರೆ ಅರ್ಧ ನಿಜ. ಉಳಿದರ್ಧವನ್ನು ತಿಳಿದುಕೊಂಡರೆ ಶಸ್ತ್ರಚಿಕಿತ್ಸೆಯ ಅನಂತರದ ತಿಂಗಳುಗಳಲ್ಲಿ ನೀವು ಮಾಡಬೇಕಾದ್ದೇನು ಎಂಬುದು ಸ್ಪಷ್ಟವಾಗುತ್ತದೆ.

ಮೂಳೆಗೂ ಲೋಹಕ್ಕೂ ಪಂದ್ಯ

ನಿಮ್ಮ ಮಗ ಮೈಸೂರಿನಿಂದ ನಂಜನಗೂಡಿಗೆ ಬರುವಾಗ ಬೈಕಿನಿಂದ ಬಿದ್ದು ತೊಡೆಯ ಮೂಳೆ ಮುರಿದುಕೊಂಡನೆನ್ನಿ. ವೈದ್ಯರು ಮೂಳೆಯ ಒಳಗಿನ ಪೊಳ್ಳಿನಲ್ಲಿ ಉದ್ದನೆಯ ರಾಡು ತೂರಿಸಿ ಮೇಲೂ ಕೆಳಗೂ ಸ್ಕ್ರೂ ಹಾಕಿ ಬಿಗಿದಿದ್ದಾರೆ. ಎರಡು ತಿಂಗಳು ಕಳೆಯಿತು. ನೋವಿಲ್ಲ. ಅವನು ಊರುಗೋಲನ್ನು ಮೂಲೆಗಿಟ್ಟು ಗದ್ದೆಗೆ ಹೊರಡುತ್ತಾನೆ. "ಒಳಗೆ ಉಕ್ಕಿನ ರಾಡಿದೆಯಲ್ಲ, ಏನಾಗುತ್ತೆ?" ಎನ್ನುತ್ತಾನೆ.

ಇಲ್ಲೇ ತಪ್ಪು ತಿಳಿವಳಿಕೆ ಇರುವುದು. ರಾಡು ಮೂಳೆಯ ಬದಲಿಗೆ ಬಂದದ್ದಲ್ಲ, ಮೂಳೆ ಕೂಡುವ ತನಕ ಆಸರೆಗೆ ಬಂದದ್ದು. ಬಾಳೆಗೊನೆ ಬಲಿಯುವ ತನಕ ಗಿಡಕ್ಕೆ ಊರೆ ಕೊಟ್ಟ ಹಾಗೆ. ತೊಡೆಯ ಮೂಳೆ ಕೂಡಲು ಸಾಮಾನ್ಯವಾಗಿ ನಾಲ್ಕರಿಂದ ಆರು ತಿಂಗಳು ಬೇಕು. ಅಲ್ಲಿಯವರೆಗೆ ಪ್ರತಿ ಹೆಜ್ಜೆಯ ಭಾರದಲ್ಲಿ ದೊಡ್ಡ ಪಾಲು ಲೋಹದ ಮೇಲೆ ಬೀಳುತ್ತದೆ. ಮೂಳೆ ಕೂಡುತ್ತ ಬಂದ ಹಾಗೆ ಆ ಪಾಲು ಕಡಿಮೆಯಾಗುತ್ತದೆ. ಒಂದು ಕಡೆ ಮೂಳೆ ಬೆಸೆದುಕೊಳ್ಳುತ್ತಿದೆ, ಇನ್ನೊಂದು ಕಡೆ ಲೋಹ ದಣಿಯುತ್ತಿದೆ. ಮೂಳೆ ಮೊದಲು ಗೆದ್ದರೆ ರೋಗಿ ಗೆದ್ದ. ಲೋಹ ಮೊದಲು ಸೋತರೆ ರಾಡು ತುಂಡಾಗಿ ಮತ್ತೊಂದು ಶಸ್ತ್ರಚಿಕಿತ್ಸೆ, ಮತ್ತೆ ಖರ್ಚು, ಮತ್ತೆ ಆರು ತಿಂಗಳು ಕೆಲಸವಿಲ್ಲ.

ಲೋಹ ದಣಿಯುವುದೆಂದರೇನು? ಒಂದು ತಂತಿಯನ್ನು ಕೈಯಲ್ಲಿ ಎಳೆದು ತುಂಡು ಮಾಡಲು ಪ್ರಯತ್ನಿಸಿ, ಆಗದು. ಅದೇ ತಂತಿಯನ್ನು ಹಿಂದೆ ಮುಂದೆ ಹತ್ತಾರು ಸಲ ಬಾಗಿಸಿ, ತಟ್ಟನೆ ತುಂಡಾಗುತ್ತದೆ. ಮೊದಲು ಕಣ್ಣಿಗೆ ಕಾಣದ ಒಂದು ಬಿರುಕು ಹುಟ್ಟುತ್ತದೆ. ಪ್ರತಿ ಸಲ ಬಾಗಿದಾಗಲೂ ಅದು ಕೂದಲೆಳೆಯಷ್ಟೂ ಅಲ್ಲ, ಅದಕ್ಕಿಂತ ಎಷ್ಟೋ ಕಡಿಮೆ ಮುಂದೆ ಸಾಗುತ್ತದೆ. ಕೊನೆಗೆ ಉಳಿದ ಲೋಹಕ್ಕೆ ಭಾರ ತಡೆಯಲಾಗದೆ ಒಂದೇ ಏಟಿಗೆ ಮುರಿಯುತ್ತದೆ. ಟ್ರೇಲರಿನ ಆಕ್ಸಲಿಗೆ ಆದದ್ದೂ ಇದೇ. ನೆನ್ನೆಯ ಭಾರ ಅದನ್ನು ಮುರಿಯಲಿಲ್ಲ, ಆದರೆ ಬಿರುಕನ್ನು ಬೆಳೆಸಿತು. 1842ರಲ್ಲಿ ಫ್ರಾನ್ಸಿನ ವರ್ಸೇಲ್ಸ್ ಬಳಿ ರೈಲು ಎಂಜಿನ್ನಿನ ಅಚ್ಚು ಹೀಗೆಯೇ ಮುರಿದು ಹಲವಾರು ಮಂದಿ ಸತ್ತರು. ಆಮೇಲೆ ಜರ್ಮನಿಯ ರೈಲ್ವೆ ಎಂಜಿನಿಯರ್ ಆಗಸ್ಟ್ ವೋಲರ್ ಅಚ್ಚುಗಳನ್ನು ವರ್ಷಗಟ್ಟಲೆ ಪರೀಕ್ಷಿಸಿ, ಒಂದು ಸಲ ತಡೆಯುವ ಭಾರವೇ ಬೇರೆ, ಲಕ್ಷಾಂತರ ಸಲ ತಡೆಯುವ ಭಾರವೇ ಬೇರೆ ಎಂಬುದನ್ನು ತೋರಿಸಿಕೊಟ್ಟ.

ನಮ್ಮ ಕಾಲಿಗೆ ಈ ಲೆಕ್ಕ ಹಾಕಿ ನೋಡಿ. ದಿನಕ್ಕೆ ಐದು ಸಾವಿರ ಹೆಜ್ಜೆ ಎಂದರೆ ಒಂದೊಂದು ಕಾಲಿಗೆ ಎರಡೂವರೆ ಸಾವಿರ. ವರ್ಷಕ್ಕೆ ಸುಮಾರು 9 ಲಕ್ಷ. ಹೊಲ ಗದ್ದೆ ಸುತ್ತುವವರಿಗೆ ಇನ್ನೂ ಹೆಚ್ಚು. ನಡೆಯುವಾಗ ಸೊಂಟದ ಕೀಲಿನ ಮೇಲೆ ಬೀಳುವ ಒತ್ತಡ ಮೈತೂಕದ ಎರಡೂವರೆಯಿಂದ ಮೂರು ಪಟ್ಟು ಇರುತ್ತದೆ. ಅಂದರೆ 60 ಕಿಲೋ ತೂಕದವರಿಗೆ ಪ್ರತಿ ಹೆಜ್ಜೆಗೂ 150 ಕಿಲೋಗೂ ಮೇಲೆ. ಎಡವಿದರಂತೂ ಕ್ಷಣಮಾತ್ರ ಇದು ಇನ್ನೂ ಹಲವು ಪಟ್ಟು ಏರುತ್ತದೆ.

ನಂಜನಗೂಡಿನಲ್ಲಿ ಕಪಿಲೆಯ ಮೇಲೆ ದಳವಾಯಿಗಳ ಕಾಲದ ಹಳೆಯ ಕಲ್ಲಿನ ಸೇತುವೆ ಇದೆ. 1735ರಷ್ಟು ಹಿಂದಿನದು. ಎತ್ತಿನ ಗಾಡಿಯನ್ನೂ ರೈಲನ್ನೂ ಹೊತ್ತ ಸೇತುವೆ ಅದು. ಅದರ ಕಮಾನುಗಳಲ್ಲಿ ಕಲ್ಲು ಕಲ್ಲನ್ನು ಒತ್ತುತ್ತದೆಯೇ ಹೊರತು ಎಳೆಯುವುದಿಲ್ಲ. ಒತ್ತುವ ಕಡೆ ಬಿರುಕು ಬಾಯಿ ತೆರೆಯುವುದಿಲ್ಲ. ತೊಡೆಯ ಮೂಳೆಗೆ ಆ ಭಾಗ್ಯವಿಲ್ಲ. ಸೊಂಟದ ಭಾರ ಓರೆಯಾಗಿ ಬೀಳುವುದರಿಂದ ಪ್ರತಿ ಹೆಜ್ಜೆಗೂ ಅದು ಒಂದಿಷ್ಟು ಬಾಗುತ್ತದೆ. ಒಳಬದಿ ಒತ್ತಿಕೊಳ್ಳುತ್ತದೆ, ಹೊರಬದಿ ಎಳೆದುಕೊಳ್ಳುತ್ತದೆ. ಆ ಎಳೆತವೇ ಲೋಹದ ಶತ್ರು.

ಲೋಹದ ಪುಡಿಯಿಂದ ಮೂಳೆಯ ಆಕಾರ

ಸಾಮಾನ್ಯ ಮುರಿತಕ್ಕೆ ಹಾಕುವ ರಾಡು, ಪ್ಲೇಟುಗಳನ್ನು ಬಹುಮಟ್ಟಿಗೆ ಗಟ್ಟಿ ಸರಳಿನಿಂದ ಯಂತ್ರದಲ್ಲಿ ಕಡೆದು, ಕೊರೆದು ಮಾಡುತ್ತಾರೆ. ಆದರೆ ಗಡ್ಡೆಯ ಕಾರಣಕ್ಕೆ ದವಡೆಯನ್ನೇ ತೆಗೆಯಬೇಕಾದಾಗ, ಸೊಂಟದ ಮೂಳೆ ಸವೆದು ದೊಡ್ಡ ಗುಳಿ ಬಿದ್ದಾಗ, ತಲೆಬುರುಡೆಯ ತುಂಡೊಂದು ಇಲ್ಲದಾದಾಗ ಆ ರೋಗಿಯ ಅಳತೆಗೇ ಒಂದು ಭಾಗ ಬೇಕಾಗುತ್ತದೆ. ಅಂಥ ಕಡೆ ಲೇಸರ್ ಮುದ್ರಣ ಬಹಳ ಉಪಕಾರಿ.

ಕ್ರಮ ಹೀಗಿದೆ. ಮೊದಲು ರೋಗಿಯ ಸಿ.ಟಿ. ಸ್ಕ್ಯಾನ್ ತೆಗೆದು ಕಂಪ್ಯೂಟರಿನಲ್ಲಿ ಬೇಕಾದ ಆಕಾರವನ್ನು ರೂಪಿಸುತ್ತಾರೆ. ಯಂತ್ರದೊಳಗೆ ಟೈಟಾನಿಯಂ ಮಿಶ್ರಲೋಹದ ನುಣ್ಣನೆಯ ಪುಡಿಯನ್ನು ತೆಳುವಾಗಿ ಹರಡುತ್ತಾರೆ. ಈ ಮಿಶ್ರಲೋಹದಲ್ಲಿ ಶೇಕಡ 6 ಅಲ್ಯೂಮಿನಿಯಂ, ಶೇಕಡ 4 ವನೇಡಿಯಂ, ಉಳಿದದ್ದು ಟೈಟಾನಿಯಂ. ಒಂದು ಪದರದ ದಪ್ಪ ಒಂದು ಮಿಲಿಮೀಟರಿನ ನೂರರಲ್ಲಿ ಮೂರರಿಂದ ಆರು ಪಾಲು, ಹೆಚ್ಚುಕಡಿಮೆ ತಲೆಗೂದಲಿನಷ್ಟು. ಲೇಸರ್ ಕಿರಣ ಆ ಪುಡಿಯ ಮೇಲೆ ರಂಗೋಲಿ ಎಳೆದ ಹಾಗೆ ಓಡಾಡುತ್ತದೆ. ಕಿರಣ ಬಿದ್ದ ಕಡೆ ಪುಡಿ ಕರಗಿ ಕ್ಷಣಾರ್ಧದಲ್ಲಿ ಗಟ್ಟಿಯಾಗುತ್ತದೆ. ಅದರ ಮೇಲೆ ಮತ್ತೊಂದು ಪದರ ಪುಡಿ, ಮತ್ತೊಂದು ರಂಗೋಲಿ. ಹೀಗೆ ಸಾವಿರಾರು ಪದರ ಸೇರಿ ಒಂದು ಭಾಗವಾಗುತ್ತದೆ.

ಒಮ್ಮೆ ಎಳೆದರೆ ಗಟ್ಟಿ, ಲಕ್ಷ ಸಲ ಎಳೆದರೆ?

ಈಗ ಗಟ್ಟಿತನದ ಮಾತಿಗೆ ಬರೋಣ. ನಿಮ್ಮ ಮನೆಯ ವೈರಿಂಗಿಗೆ ಬಳಸುವ ಒಂದು ಚದರ ಮಿಲಿಮೀಟರ್ ತಂತಿಯನ್ನು ನೆನಪಿಗೆ ತಂದುಕೊಳ್ಳಿ. ಅಷ್ಟೇ ದಪ್ಪದ ಟೈಟಾನಿಯಂ ಮಿಶ್ರಲೋಹದ ಎಳೆಯನ್ನು ಕಡೆದ ಸರಳಿನಿಂದ ಮಾಡಿದರೆ ಅದು ಸುಮಾರು 90 ಕಿಲೋ ತೂಕಕ್ಕೂ ತುಂಡಾಗದೆ ನಿಲ್ಲುತ್ತದೆ. ಲೇಸರ್‌ನಿಂದ ಮುದ್ರಿಸಿದ್ದು 110ರಿಂದ 120 ಕಿಲೋವರೆಗೂ ತಡೆಯಬಲ್ಲದು. ಕರಗಿದ ಲೋಹ ಅತಿ ವೇಗವಾಗಿ ಆರುವುದರಿಂದ ಒಳಗೆ ಸೂಜಿಯಂಥ ಸಣ್ಣ ಹರಳುಗಳು ಮೂಡಿ ಲೋಹ ಗಡುಸಾಗುತ್ತದೆ. "ಮಾಮೂಲಿಗಿಂತ ಗಟ್ಟಿ" ಎಂಬ ಮಾತು ಬಂದದ್ದು ಇಲ್ಲಿಂದ.

ಆದರೆ ಆ ಗಡುಸುತನಕ್ಕೆ ಬೆಲೆ ತೆರಬೇಕು. ಗಡುಸಾದ ಲೋಹ ಹಿಗ್ಗಿ ಬಾಗುವ ಮೊದಲೇ ಮುರಿಯುವ ಸ್ವಭಾವದ್ದು. ಇನ್ನು ಒಂದೇ ಸಲ ಎಳೆಯುವ ಬದಲು ಲಕ್ಷಾಂತರ ಸಲ ಎಳೆದು ಬಿಡುವ ಪರೀಕ್ಷೆ ಮಾಡಿದರೆ ಚಿತ್ರವೇ ಬದಲಾಗುತ್ತದೆ. ನಯವಾಗಿ ಕಡೆದ ಸರಳು ಒಂದು ಚದರ ಮಿಲಿಮೀಟರಿಗೆ 50ರಿಂದ 60 ಕಿಲೋದಷ್ಟು ಭಾರವನ್ನು ಒಂದು ಕೋಟಿ ಸಲ ತಡೆಯಬಲ್ಲದು. ಯಂತ್ರದಿಂದ ತೆಗೆದ ಹಾಗೆಯೇ ಒರಟಾಗಿ ಬಿಟ್ಟ ಮುದ್ರಿತ ಭಾಗ ಸುಮಾರು 20 ಕಿಲೋಗೇ ಸುಸ್ತಾಗಬಹುದು. ಒಂದೇ ಸಲದ ಪರೀಕ್ಷೆಯಲ್ಲಿ ಗೆದ್ದವನು ಬಾಳಿಕೆಯ ಪರೀಕ್ಷೆಯಲ್ಲಿ ಅರ್ಧಕ್ಕಿಂತ ಕೆಳಗೆ ಇಳಿದ. ನಮ್ಮ ಕಾಲು ಕೊಡುವುದು ಈ ಎರಡನೆಯ ಪರೀಕ್ಷೆಯನ್ನೇ.

ಮುದ್ದೆಯೊಳಗಿನ ಗಂಟು

ಇದಕ್ಕೆ ಕಾರಣಗಳನ್ನು ಅಡುಗೆಮನೆಯಲ್ಲೇ ನೋಡಬಹುದು. ಮುದ್ದೆ ತೊಳಸುವಾಗ ಉರಿ ಸಾಲದಿದ್ದರೆ, ಕೋಲು ಸರಿಯಾಗಿ ಆಡದಿದ್ದರೆ ಒಳಗೆ ಹಸಿ ಹಿಟ್ಟಿನ ಗಂಟು ಉಳಿಯುತ್ತದೆ. ಹೊರಗಿನಿಂದ ಮುದ್ದೆ ನುಣ್ಣಗೇ ಕಾಣುತ್ತದೆ. ಲೇಸರಿನ ಶಕ್ತಿ ಕಡಿಮೆಯಾದರೆ ಅಥವಾ ಕಿರಣ ಅತಿ ವೇಗವಾಗಿ ಓಡಿದರೆ ಹೀಗೆಯೇ ಎರಡು ಪದರಗಳ ನಡುವೆ ಕರಗದ ಪುಡಿ ಉಳಿದು ಚಪ್ಪಟೆಯಾದ ಪೊಳ್ಳು ಉಂಟಾಗುತ್ತದೆ. ಶಕ್ತಿ ಹೆಚ್ಚಾದರೆ ಲೋಹವೇ ಕುದಿದು ಗುಳ್ಳೆಗಳು ಒಳಗೆ ಸಿಕ್ಕಿಕೊಳ್ಳುತ್ತವೆ. ಪೊಳ್ಳು ಯಾವುದೇ ಇರಲಿ, ಬಿರುಕು ಹುಟ್ಟುವುದಕ್ಕೆ ಅದು ಹೇಳಿಮಾಡಿಸಿದ ಜಾಗ. ಅದು ಮೇಲ್ಮೈಗೆ ಹತ್ತಿರವಿದ್ದಷ್ಟೂ ಅಪಾಯ ಹೆಚ್ಚು.

ಎರಡನೆಯದು ಒರಟುತನ. ಮುದ್ರಿಸಿದ ಭಾಗದ ಹೊರಮೈಗೆ ಅರೆಬರೆ ಕರಗಿದ ಪುಡಿಯ ಕಣಗಳು ಅಂಟಿಕೊಂಡು ಉಪ್ಪುಕಾಗದದಂತೆ ತರಿತರಿಯಾಗಿರುತ್ತದೆ. ಬಟ್ಟೆಯನ್ನು ಹರಿಯುವ ಮುನ್ನ ಅಂಗಡಿಯವರು ಅಂಚಿಗೆ ಕತ್ತರಿಯಿಂದ ಸಣ್ಣ ಕಚ್ಚು ಹಾಕುವುದಿಲ್ಲವೇ? ಈ ತರಿಗಳ ನಡುವಿನ ತಗ್ಗುಗಳು ಅಂಥ ಕಚ್ಚುಗಳು.

ಮೂರನೆಯದು ಪದರಗಳ ದಿಕ್ಕು. ಚಿರೋಟಿಯನ್ನು ಮೇಲಿನಿಂದ ಒತ್ತಿದರೆ ಅದು ತಡೆದುಕೊಳ್ಳುತ್ತದೆ, ಪದರಗಳನ್ನು ಬಿಡಿಸುವ ಹಾಗೆ ಎಳೆದರೆ ಸುಲಭವಾಗಿ ಬಿಟ್ಟುಕೊಳ್ಳುತ್ತದೆ. ಚಪ್ಪಟೆ ಪೊಳ್ಳುಗಳು ಪದರಗಳ ನಡುವೆಯೇ ಇರುವುದರಿಂದ ಮುದ್ರಿತ ಭಾಗವೂ ಪದರಗಳಿಗೆ ಅಡ್ಡಲಾಗಿ ಎಳೆದಾಗ ದುರ್ಬಲವಾಗಬಹುದು. ಆದ್ದರಿಂದ ಯಂತ್ರದೊಳಗೆ ಅದನ್ನು ನಿಲ್ಲಿಸಿ ಮುದ್ರಿಸಬೇಕೋ ಮಲಗಿಸಿ ಮುದ್ರಿಸಬೇಕೋ ಎಂಬುದೂ ಲೆಕ್ಕಾಚಾರದ ವಿಷಯ.

ನಾಲ್ಕನೆಯದು ಒಳಗೇ ಉಳಿದ ಬಿಗಿತ. ಒಂದು ಕಡೆ ಕಾದು ಇನ್ನೊಂದು ಕಡೆ ಆರುತ್ತ ಬೆಳೆದ ಲೋಹದಲ್ಲಿ ಹೊರಗಿನ ಭಾರ ಬೀಳುವ ಮೊದಲೇ ಎಳೆತ ಸೇರಿಕೊಂಡಿರುತ್ತದೆ. ಹಸಿ ಮರದಲ್ಲಿ ಮಾಡಿದ ಬಾಗಿಲು ತಾನಾಗಿ ಸೊಟ್ಟಗಾಗುವ ಹಾಗೆ ಇದೂ ಸೊಟ್ಟಗಾಗಲು ಹವಣಿಸುತ್ತದೆ.

ಹದ ಮಾಡುವ ಕೆಲಸ

ಈ ನಾಲ್ಕು ದೋಷಗಳಿಗೂ ಮದ್ದಿದೆ. ಮುದ್ರಿಸಿದ ಭಾಗವನ್ನು ಕುಲುಮೆಯಲ್ಲಿ ಕೆಲವು ಗಂಟೆ ಕಾಯಿಸಿ ನಿಧಾನವಾಗಿ ಆರಿಸಿದರೆ ಒಳಗಿನ ಬಿಗಿತ ಸಡಿಲವಾಗುತ್ತದೆ, ಗಡುಸು ಸ್ವಲ್ಪ ಇಳಿದು ಬಾಗುವ ಗುಣ ಹೆಚ್ಚುತ್ತದೆ. ಕಮ್ಮಾರ ಮಚ್ಚಿಗೆ ಹದ ಕೊಡುವ ವಿದ್ಯೆಯೇ ಇದು.

ಪೊಳ್ಳುಗಳಿಗೆ ಬೇರೆ ಉಪಾಯ. ಒಂದು ದೊಡ್ಡ ಕುಕ್ಕರಿನಂಥ ಪಾತ್ರೆಯಲ್ಲಿ ಭಾಗವನ್ನಿಟ್ಟು ಸುಮಾರು 920 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ, ವಾತಾವರಣದ ಒತ್ತಡದ ಸಾವಿರ ಪಟ್ಟು ಒತ್ತಡದಲ್ಲಿ ಆರ್ಗಾನ್ ಅನಿಲ ತುಂಬಿ ಎರಡು ಗಂಟೆ ಇಡುತ್ತಾರೆ. ಮೆತ್ತಗಾದ ಲೋಹ ಎಲ್ಲ ಕಡೆಯಿಂದಲೂ ಅದುಮಿಕೊಂಡು ಒಳಗಿನ ಪೊಳ್ಳು ಮುಚ್ಚಿಹೋಗುತ್ತದೆ. ಆದರೆ ಹೊರಮೈಗೆ ಬಾಯಿ ತೆರೆದ ಪೊಳ್ಳು ಹೀಗೆ ಮುಚ್ಚುವುದಿಲ್ಲ, ಅನಿಲ ಅದರೊಳಗೂ ಹೋಗುತ್ತದೆ. ಅದಕ್ಕಾಗಿ ಹೊರಮೈಯನ್ನು ಕಡೆದು ನಯ ಮಾಡಬೇಕು. ಇವೆಲ್ಲ ಆದ ಮೇಲೆ ಮುದ್ರಿತ ಲೋಹದ ಬಾಳಿಕೆ ಕಡೆದ ಸರಳಿನ ಹತ್ತಿರ ಹತ್ತಿರಕ್ಕೆ ಬರುತ್ತದೆ. ಅಂದರೆ ಗಟ್ಟಿತನ ಬರುವುದು ಲೇಸರಿನಿಂದಷ್ಟೇ ಅಲ್ಲ, ಲೇಸರಿನ ಅನಂತರದ ಕೆಲಸದಿಂದ.

ಪರೀಕ್ಷೆಯೂ ಇದೆ. ರೋಗಿಗೆ ಮಾತ್ರವಲ್ಲ, ಲೋಹದ ಭಾಗಕ್ಕೂ ಸಿ.ಟಿ. ಸ್ಕ್ಯಾನ್ ಮಾಡಿ ಒಳಗಿನ ಪೊಳ್ಳುಗಳನ್ನು ಹುಡುಕುತ್ತಾರೆ. ಅದೇ ಯಂತ್ರದಲ್ಲಿ, ಅದೇ ಪುಡಿಯಿಂದ, ಅದೇ ವೇಳೆಯಲ್ಲಿ ಕೆಲವು ಕಡ್ಡಿಗಳನ್ನೂ ಮುದ್ರಿಸಿ ಅವನ್ನು ಎಳೆದು ಮುರಿದು ನೋಡುತ್ತಾರೆ. ಅನ್ನ ಬೆಂದಿದೆಯೇ ಎಂದು ಅಗುಳು ಹಿಸುಕಿ ನೋಡಿದ ಹಾಗೆ. ಸೊಂಟದ ಕೀಲಿನ ಕಾಂಡ ಭಾಗವನ್ನು ಪರೀಕ್ಷಿಸುವ ಅಂತರರಾಷ್ಟ್ರೀಯ ಕ್ರಮದಲ್ಲಿ 50 ಲಕ್ಷ ಸಲ ಭಾರ ಹಾಕಿ ತೆಗೆಯುತ್ತಾರೆ. ಅಷ್ಟಾದರೂ ಮುರಿಯದಿದ್ದರೆ ಮಾತ್ರ ಅದು ತೇರ್ಗಡೆ.

ತೂತೇ ಗುಣವಾಗುವ ಕಡೆ

ಪೊಳ್ಳುಗಳೆಲ್ಲ ಕೆಟ್ಟವೆಂದು ಭಾವಿಸಬೇಡಿ. ಬೇಡದ ಕಡೆ ತಾನಾಗಿ ಉಂಟಾದ ಪೊಳ್ಳು ದೋಷ. ಬೇಕಾದ ಕಡೆ ಬೇಕೆಂದೇ ಬಿಟ್ಟ ತೂತು ಗುಣ. ಅರ್ಧ ಮಿಲಿಮೀಟರಿನಷ್ಟು ತೂತುಗಳಿರುವ ಜಾಲರಿಯನ್ನು ಲೇಸರಿನಿಂದ ಮುದ್ರಿಸಿದರೆ ಮೂಳೆ ಅದರೊಳಗೆ ಬೆಳೆದು ಲೋಹವನ್ನು ಬೇರಿನಂತೆ ಹಿಡಿದುಕೊಳ್ಳುತ್ತದೆ.

ಇನ್ನೊಂದು ಲಾಭವೂ ಇದೆ. ಟೈಟಾನಿಯಂ ಮಿಶ್ರಲೋಹ ಮೂಳೆಗಿಂತ ಐದಾರು ಪಟ್ಟು ಬಿಗುವಾದದ್ದು, ಉಕ್ಕು ಹತ್ತು ಪಟ್ಟು. ಬಿಗುವಾದ ಲೋಹವೇ ಭಾರವನ್ನೆಲ್ಲ ಹೊತ್ತರೆ ಪಕ್ಕದ ಮೂಳೆಗೆ ಕೆಲಸವಿಲ್ಲದೆ ಅದು ಕಾಲಕ್ರಮೇಣ ಸೊರಗುತ್ತದೆ. ಕೊಟ್ಟಿಗೆಯಲ್ಲೇ ಕಟ್ಟಿದ ಎತ್ತು ಸೊರಗಿದ ಹಾಗೆ. ಜಾಲರಿ ಮಾಡಿದರೆ ಲೋಹದ ಬಿಗುವು ಕಡಿಮೆಯಾಗಿ ಮೂಳೆಗೂ ಅದರ ಪಾಲಿನ ಕೆಲಸ ಸಿಗುತ್ತದೆ. ಆದರೆ ಜಾಲರಿಯ ಎಳೆಗಳು ತೆಳುವಾದ್ದರಿಂದ ಅವು ಬೇಗ ದಣಿಯುತ್ತವೆ. ಆದಕಾರಣ ಭಾರ ಹೊರುವ ಒಳಭಾಗವನ್ನು ಗಟ್ಟಿಯಾಗಿಯೂ ಮೂಳೆಗೆ ತಾಗುವ ಹೊರಭಾಗವನ್ನು ಮಾತ್ರ ಜಾಲರಿಯಾಗಿಯೂ ಮಾಡುವುದು ರೂಢಿ.

ಎಲ್ಲೆಲ್ಲಿ ಬಂದಿದೆ

2011ರಲ್ಲಿ ನೆದರ್ಲೆಂಡ್ಸಿನಲ್ಲಿ 83 ವರ್ಷದ ಮಹಿಳೆಯೊಬ್ಬರಿಗೆ ಲೇಸರಿನಿಂದ ಮುದ್ರಿಸಿದ ಪೂರ್ತಿ ಕೆಳದವಡೆಯನ್ನು ಜೋಡಿಸಿದರು. ಅದರ ತೂಕ 107 ಗ್ರಾಂ. 2017ರಲ್ಲಿ ನಮ್ಮ ದೇಶದ ಗುರುಗ್ರಾಮದಲ್ಲಿ ಬೆನ್ನುಮೂಳೆಯ ಕ್ಷಯದಿಂದ ಕುತ್ತಿಗೆಯ ಮೂಳೆ ಹಾಳಾಗಿದ್ದ 32 ವರ್ಷದ ಮಹಿಳೆಗೆ ಮುದ್ರಿಸಿದ ಟೈಟಾನಿಯಂ ಭಾಗವನ್ನು ಕೂರಿಸಲಾಯಿತು.

ಈ ವಿದ್ಯೆ ನಮ್ಮ ರಾಜ್ಯಕ್ಕೂ ಹೊಸದಲ್ಲ. 2024ರ ಮೇ ತಿಂಗಳಲ್ಲಿ ಇಸ್ರೋ ಪರೀಕ್ಷಿಸಿದ ರಾಕೆಟ್ ಎಂಜಿನ್ ಲೇಸರ್ ಮುದ್ರಣದಲ್ಲೇ ಆದದ್ದು. ಅದನ್ನು ಮುದ್ರಿಸಿದ್ದು ಬೆಂಗಳೂರಿನ ವಿಪ್ರೊ 3ಡಿ. 14 ಬಿಡಿಭಾಗಗಳ ಬದಲು ಒಂದೇ ಭಾಗವಾಗಿ ಮುದ್ರಿಸಿದ್ದರಿಂದ 19 ಬೆಸುಗೆಗಳು ತಪ್ಪಿದವು. ಅದು ಸತತ 665 ಸೆಕೆಂಡು ಉರಿದು ಪರೀಕ್ಷೆಯಲ್ಲಿ ಗೆದ್ದಿತು. ರಾಕೆಟ್ ಎಂಜಿನ್ ಕೆಲಸ ನಿಮಿಷಗಳಲ್ಲಿ ಮುಗಿಯುತ್ತದೆ. ಸೊಂಟದ ಕೀಲು ಇಪ್ಪತ್ತು ವರ್ಷ ನಡೆಯಬೇಕು. ಈ ವ್ಯತ್ಯಾಸವನ್ನು ಮರೆಯಬಾರದು.

ಹಾಗೆಯೇ ಮೈಯ ಎಲ್ಲ ಭಾಗಕ್ಕೂ ಒಂದೇ ಅಳತೆ ಸಲ್ಲದು. ತಲೆಬುರುಡೆಗೆ ಕೂರಿಸಿದ ಫಲಕದ ಮೇಲೆ ದಿನವೂ ಭಾರ ಬೀಳುವುದಿಲ್ಲ, ಅಲ್ಲಿ ದಣಿವಿನ ಚಿಂತೆ ಕಡಿಮೆ. ದವಡೆ ಅಗಿಯುತ್ತದೆ, ಸೊಂಟ ಮತ್ತು ಮಂಡಿ ನಡೆಯುತ್ತವೆ. ಅಲ್ಲಿ ಎಚ್ಚರ ಹೆಚ್ಚು ಬೇಕು.

ವೈದ್ಯರನ್ನು ಏನು ಕೇಳಬೇಕು?

ಮುದ್ರಿಸಿದ ಭಾಗವನ್ನು ಹಾಕುತ್ತೇವೆಂದು ಹೇಳಿದರೆ ಹೆದರಬೇಡಿ, ಹೊಸದೆಂಬ ಕಾರಣಕ್ಕೇ ಮರುಳಾಗಲೂ ಬೇಡಿ. ಸಂಕೋಚವಿಲ್ಲದೆ ಇಷ್ಟನ್ನು ಕೇಳಿ:

1. ನನ್ನ ತೊಂದರೆಗೆ ಮಾಮೂಲಿ ಭಾಗ ಸಾಲದೇ? ಮುದ್ರಿಸಿದ್ದೇ ಏಕೆ ಬೇಕು?

2. ಮುದ್ರಿಸಿದ ಮೇಲೆ ಅದನ್ನು ಕಾಯಿಸಿ ಹದ ಮಾಡಿ, ಒತ್ತಡದಲ್ಲಿ ಪೊಳ್ಳು ಮುಚ್ಚಿ, ಭಾರ ಬೀಳುವ ಕಡೆ ನಯ ಮಾಡಿದ್ದಾರೆಯೇ?

3. ಬಾಳಿಕೆಯ ಪರೀಕ್ಷೆ ಆಗಿದೆಯೇ? ತಯಾರಕರಿಗೆ ಪರವಾನಗಿ ಇದೆಯೇ? ಮೈಯೊಳಗೆ ಹಾಕುವ ಇಂಥ ಸಾಧನಗಳು 2017ರ ವೈದ್ಯಕೀಯ ಸಾಧನಗಳ ನಿಯಮಗಳ ವ್ಯಾಪ್ತಿಗೆ ಬರುತ್ತವೆ.

4. ಎಷ್ಟು ದಿನ, ಎಷ್ಟು ಭಾರ ಹಾಕಬಹುದು?

ಭಾಗದ ಪೊಟ್ಟಣದ ಮೇಲೆ ತಯಾರಕರ ಹೆಸರು, ಬ್ಯಾಚ್ ಸಂಖ್ಯೆಯಿರುವ ಚೀಟಿ ಇರುತ್ತದೆ. ಅದರ ಒಂದು ಪ್ರತಿಯನ್ನು ಕೇಳಿ ಪಡೆದು ಡಿಸ್ಚಾರ್ಜ್ ಚೀಟಿಯ ಜೊತೆ ಜೋಪಾನ ಮಾಡಿ. ಪಡಿತರ ಚೀಟಿ, ಪಹಣಿ ಇಡುವ ಪೆಟ್ಟಿಗೆಯಲ್ಲೇ ಇಡಿ. ಹತ್ತು ವರ್ಷದ ಮೇಲೆ ಮತ್ತೆ ಶಸ್ತ್ರಚಿಕಿತ್ಸೆ ಬೇಕಾದರೆ ಅಥವಾ ಎಂ.ಆರ್.ಐ. ಮಾಡಿಸಬೇಕಾದರೆ ಅದು ಬೇಕಾಗುತ್ತದೆ.

ಮನೆಯವರ ಪಾಲು

ಲೋಹ ಹೇಗೆ ತಯಾರಾಯಿತು ಎಂಬುದು ನಿಮ್ಮ ಕೈಯಲ್ಲಿಲ್ಲ. ಅದು ಎಷ್ಟು ದಣಿಯುತ್ತದೆ ಎಂಬುದು ಬಹಳಷ್ಟು ನಿಮ್ಮ ಕೈಯಲ್ಲಿದೆ.

ಊರುಗೋಲನ್ನು ಬಿಡಬೇಕಾದ್ದು ನೋವು ಹೋದ ದಿನವಲ್ಲ, ಎಕ್ಸ್‌-ರೇ ನೋಡಿ ವೈದ್ಯರು ಹೇಳಿದ ದಿನ. ಮೈಸೂರಿಗೆ ಹೋಗಿಬರಲು ಒಂದು ದಿನದ ಕೂಲಿ ಹೋಗುತ್ತದೆಂದು ಎಕ್ಸ್‌-ರೇ ತಪ್ಪಿಸಬೇಡಿ. ಪಕ್ಕದ ಮನೆಯವರು ಮರುದಿನವೇ ನಡೆದರೆಂದು ನೀವೂ ನಡೆಯಬೇಡಿ. ಅಡ್ಡಕ್ಕೆ ನೇರವಾಗಿ ಮುರಿದ ಮೂಳೆಗೆ ಬೇಗನೆ ಭಾರ ಹಾಕಿಸುತ್ತಾರೆ, ನುಚ್ಚುನೂರಾದ ಮೂಳೆಗೆ ವಾರಗಟ್ಟಲೆ ತಡೆಯಿರಿ ಎನ್ನುತ್ತಾರೆ. ಎರಡೂ ಸರಿಯೇ. ವೈದ್ಯರು ಭಾರ ಹಾಕಿ ಎಂದಾಗ ಹೆದರಿ ಮಲಗಿರುವುದೂ ತಪ್ಪು, ಹದವಾದ ಭಾರದಿಂದ ಮೂಳೆ ಬೇಗ ಕೂಡುತ್ತದೆ.

ಬೀಡಿ, ಸಿಗರೇಟು ಮೂಳೆ ಕೂಡುವುದನ್ನು ನಿಧಾನ ಮಾಡುತ್ತವೆ. ಮೂಳೆ ತಡವಾದಷ್ಟೂ ಲೋಹಕ್ಕೆ ದುಡಿತ ಹೆಚ್ಚು. ಸಕ್ಕರೆ ಕಾಯಿಲೆಯಿದ್ದರೆ ಹತೋಟಿಯಲ್ಲಿಡಿ. ರಾಗಿ, ಹಾಲು, ಕಾಳು, ಸೊಪ್ಪು, ಮೊಟ್ಟೆ ತಟ್ಟೆಯಲ್ಲಿರಲಿ. ನಡೆಯತೊಡಗಿದ ಮೇಲೆ ನಿಂತಿದ್ದ ನೋವು ಮತ್ತೆ ಕಾಣಿಸಿಕೊಂಡರೆ, ಕಾಲು ಸೊಟ್ಟಗಾದಂತೆ ಅನ್ನಿಸಿದರೆ, ಗಾಯದಲ್ಲಿ ಕೀವು ಬಂದರೆ ಎಣ್ಣೆ ತಿಕ್ಕುತ್ತ ಕೂರದೆ ವೈದ್ಯರಿಗೆ ತೋರಿಸಿ. ಲೋಹ ಹಾಕಿದ ಕಾಲನ್ನು ಯಾರಿಂದಲೂ ಎಳೆಸಿ ನೀವಿಸಬೇಡಿ.

ಟ್ರೇಲರಿನ ಆಕ್ಸಲಿಗೆ ಬಿರುಕು ಬಂದರೆ ಅದರ ಭಾರವನ್ನು ತೆಗೆದುಕೊಳ್ಳಲು ಒಳಗೆ ಮತ್ತಾರೂ ಇಲ್ಲ. ನಿಮ್ಮ ಕಾಲಿನ ರಾಡಿಗೆ ಆ ಕಷ್ಟವಿಲ್ಲ. ಅದರ ಸುತ್ತ ಮೂಳೆ ದಿನವೂ ಬೆಳೆಯುತ್ತಿದೆ, ಇಂದಲ್ಲ ನಾಳೆ ಭಾರವನ್ನು ತಾನೇ ಹೊರುತ್ತದೆ. ಅಲ್ಲಿಯವರೆಗೆ ಊರುಗೋಲು ಮೂಲೆಗೆ ಹೋಗದಿರಲಿ.